ದೊಡ್ಡಮ್ಮನ ಕಿವಿ: ಪೆನ್ಸಿಲಿನಲ್ಲಿ ಹೆಂಗಸಿನ ಮುಖ ಬರೆಯುವ ಬಗೆ

ನನ್ನ ದೊಡ್ಡಮ್ಮನ ಕಿವಿಯ ತೂತಿನಲ್ಲಿ ಒಂದು ಹುಣಸೆ ಬೀಜ ತೂರಿಸಬಹುದಿತ್ತು. ಐವತ್ತು ವರ್ಷ ಕೆಂಪು ಕಲ್ಲಿನ ಬೆಂಡೋಲೆ ಹಾಕಿದ್ದರು. ಆ ಭಾರಕ್ಕೆ ಹಾಲೆ ಜಗ್ಗಿ ಉದ್ದವಾಗಿತ್ತು. ನಾನು ಮೊದಲ ಸಲ ಅವರನ್ನು ಜಗಲಿಯಲ್ಲಿ ಕೂರಿಸಿ ಪೆನ್ಸಿಲಿನಲ್ಲಿ ಬರೆದಾಗ ಆ ಹಾಲೆಯನ್ನು ಸ್ವಲ್ಪ ಗಿಡ್ಡ ಮಾಡಿದೆ, ತೂತನ್ನು ಮುಚ್ಚಿಬಿಟ್ಟೆ. ಚೆಂದ ಕಾಣಲಿ ಅಂತ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಮೋರೆ ಎನ್ನದೇ. ಕೆಮಿ ಆರದ್ದು?" ಅಂದರು. ಮುಖ ನನ್ನದೇ, ಕಿವಿ ಯಾರದು ಅಂತ.

ಆ ಮಾತು ನನಗೆ ಪಾಠ ಆಯಿತು. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಇಲ್ಲಿನ ಕನ್ನಡ ಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ಈಗ ಮನೆಯಲ್ಲೇ ಕೂತು, ಕೇಳಿದವರಿಗೆ ಅಮ್ಮನ, ಅಜ್ಜಿಯ, ಮದುಮಗಳ ಚಿತ್ರ ಬರೆದುಕೊಡುತ್ತೇನೆ. ಮಕ್ಕಳು ಬಂದು ಕೇಳುವುದು ಯಾವಾಗಲೂ ಕಣ್ಣು ಹೇಗೆ, ಮೂಗು ಹೇಗೆ ಅಂತ. ಅದನ್ನೂ ಹೇಳುತ್ತೇನೆ. ಆದರೆ ನಮ್ಮ ಕಡೆಯ ಹೆಂಗಸರ ಮುಖದಲ್ಲಿ ಕಣ್ಣು ಮೂಗಿನ ಜೊತೆಗೆ ಹಣೆಯ ಬೊಟ್ಟು, ಕಿವಿಯ ಓಲೆ, ಕೊರಳಿನ ಕರಿಮಣಿ, ಮುಡಿಯ ಹೂವು ಎಲ್ಲ ಮಾತಾಡುತ್ತವೆ. ಪೆನ್ಸಿಲಿಗೆ ಬಣ್ಣ ಇಲ್ಲ. ಕುಂಕುಮದ ಕೆಂಪು, ಅರಿಶಿನದ ಹಳದಿ, ಚಿನ್ನದ ಹೊಳಪು ಎಲ್ಲ ಬೂದಿ ಬಣ್ಣಕ್ಕೆ ಬಂದು ನಿಲ್ಲುತ್ತವೆ. ಹಾಗಾದಮೇಲೂ ನೋಡಿದವರಿಗೆ ಇದು ಕುಂಕುಮ, ಇದು ಚಿನ್ನ ಅಂತ ಗೊತ್ತಾಗಬೇಕು. ಅದನ್ನು ಹೇಗೆ ಮಾಡುವುದು ಅಂತ ಬರೆಯುತ್ತಿದ್ದೇನೆ.

ಮೊದಲು ಕೇಳಿ

ಪೆನ್ಸಿಲ್ ಚೂಪು ಮಾಡುವ ಮೊದಲು ಮಾತಾಡಿ. ಯಾರ ಚಿತ್ರವೋ ಅವರ ಹತ್ತಿರ, ಅವರು ಇಲ್ಲ ಅಂದರೆ ಅವರನ್ನು ಹತ್ತಿರದಿಂದ ನೋಡಿದ ಇಬ್ಬರ ಹತ್ತಿರ. ಒಬ್ಬರ ಹತ್ತಿರ ಮಾತ್ರ ಕೇಳಿದರೆ ಸಾಲದು, ಯಾಕೆ ಅಂತ ಮುಂದೆ ಹೇಳುತ್ತೇನೆ. ದಿನಾ ಯಾವ ಓಲೆ ಹಾಕುತ್ತಿದ್ದರು? ಮೂಗುಬೊಟ್ಟು ಎಡಕ್ಕೋ ಬಲಕ್ಕೋ? ಬೊಟ್ಟು ಕುಂಕುಮದ್ದೋ ಸ್ಟಿಕ್ಕರೋ? ಬೈತಲೆ ನಡುವಿಗೋ ಓರೆಗೋ? ತಲೆ ಮೇಲೆ ಸೆರಗು ಹಾಕುತ್ತಿದ್ದರಾ? ಇಷ್ಟು ಕೇಳುವಾಗಲೇ ಅವರು ಬೇರೆ ಹತ್ತು ಸಂಗತಿ ಹೇಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಒಂದು ಬಸ್ಸಿನಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕೇಳುವ ಊರು ಇದು. ಒಬ್ಬೊಬ್ಬರ ಮನೆಯ ಕ್ರಮ ಬೇರೆ. ನಮ್ಮ ಪಕ್ಕದ ಮುಸ್ಲಿಂ ಮನೆಯ ಉಮ್ಮನಿಗೆ, ಅಂದರೆ ಅಮ್ಮನಿಗೆ, ಕಿವಿಯ ಅಂಚಿನುದ್ದಕ್ಕೂ ತೂತುಗಳಿದ್ದವು. ಚಿಕ್ಕವರಿದ್ದಾಗ ಅದರಲ್ಲಿ ಸಾಲಾಗಿ ಅಲಿಕತ್ತು ಅನ್ನುವ ಓಲೆ ಹಾಕಿದ್ದರಂತೆ. ಈಗ ಬರೀ ತೂತು. ಅವರ ಮೊಮ್ಮಗಳು ಚಿತ್ರ ಬರೆಯಿರಿ ಟೀಚರ್ ಅಂದಳು. ನಾನು ಉಮ್ಮನನ್ನೇ ಕೇಳಿದೆ. ತಲೆ ಮೇಲಿನ ತಟ್ಟ (ತಲೆಬಟ್ಟೆ) ಸರಿಯಾಗಿರಬೇಕು, ಕೂದಲು ಕಾಣಬಾರದು, ಕಿವಿ ಒಂದು ಕಂಡರೆ ಅಡ್ಡಿಯಿಲ್ಲ ಅಂದರು. ಹಾಗೇ ಬರೆದೆ. ಚಿತ್ರ ಬೇಡ ಅನ್ನುವವರೂ ಇರುತ್ತಾರೆ. ಬೇಡ ಅಂದರೆ ಬೇಡ. ಮಕ್ಕಳು ಎಷ್ಟೇ ಆಸೆಪಟ್ಟರೂ ಅವರಿಗೆ ಗೊತ್ತಾಗದ ಹಾಗೆ ಫೋಟೊ ತೆಗೆದು ಬರೆಯಬೇಡಿ.

ಸಾಮಾನು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ, ಐದು ಪೆನ್ಸಿಲ್ ಸಾಕು. ಪೆನ್ಸಿಲಿನ ಒಳಗಿರುವ ಕಪ್ಪು ಕಡ್ಡಿಯನ್ನು ನಾವು ಸೀಸ ಅನ್ನುತ್ತೇವೆ, ಆದರೆ ಅದು ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದು. ಫ್ರಾನ್ಸಿನ ನಿಕೊಲಾ ಕೋಂಟೆ 1795ರಲ್ಲಿ ಈ ಕ್ರಮಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿ ಆದರೆ ಗಟ್ಟಿ, ಗೀರು ತೆಳು. ಅದು ಎಚ್. ಗ್ರಾಫೈಟ್ ಜಾಸ್ತಿ ಆದರೆ ಮೆತ್ತಗೆ, ಕಪ್ಪು. ಅದು ಬಿ. ಈ ಒಂದು ವಿಷಯ ಗೊತ್ತಿದ್ದರೆ ಯಾವುದನ್ನು ಎಲ್ಲಿ ಅಂತ ನೀವೇ ತೀರ್ಮಾನ ಮಾಡಬಹುದು.

ಕಾಗದ ಎ3 ಅಳತೆಯದ್ದು, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಅಥವಾ ಅದಕ್ಕಿಂತ ದಪ್ಪ. ತುಂಬ ನುಣುಪಾದದ್ದು ಬೇಡ, ಗ್ರಾಫೈಟ್ ಹಿಡಿಯುವುದಿಲ್ಲ. ಮುಖವನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಕ್ಕೆ ಬರೆಯಿರಿ. ಅದಕ್ಕಿಂತ ಸಣ್ಣದಾದರೆ ಮೂಗುಬೊಟ್ಟು, ಓಲೆಯ ಕಲ್ಲು ಬರೆಯಲು ಜಾಗ ಸಿಗುವುದಿಲ್ಲ. ರಬ್ಬರ್ ಎರಡು ಬೇಕು. ಮಾಮೂಲಿ ಒಂದು, ಹಿಟ್ಟಿನ ಹಾಗೆ ನಾದಿ ಚೂಪು ಮಾಡಬಹುದಾದ ಮೆತ್ತನೆಯ ರಬ್ಬರ್ ಒಂದು. ಎರಡನೆಯದು ಗ್ರಾಫೈಟನ್ನು ಉಜ್ಜದೆ ಎತ್ತುತ್ತದೆ. ಅಂಗೈ ಕೆಳಗೆ ಯಾವಾಗಲೂ ಒಂದು ಖಾಲಿ ಕಾಗದ ಇರಲಿ. ನಮ್ಮ ಸೆಕೆಗೆ ಕೈ ಬೆವರದೆ ಇರುವುದಿಲ್ಲ, ಬೆವರಿನ ಕಲೆ ಒಮ್ಮೆ ಹಿಡಿದರೆ ಹೋಗುವುದಿಲ್ಲ. ಬೆರಳಿನಿಂದ ಉಜ್ಜುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಫೋಟೊ ನೋಡಿ ಬರೆಯುವಾಗ

ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ ಸೆಲ್ಫಿ ಎಷ್ಟೋ ಸಲ ಕನ್ನಡಿಯ ಹಾಗೆ ತಿರುಗಿರುತ್ತದೆ. ಬೇರೆ ಚಿತ್ರಕ್ಕೆ ಅದು ದೊಡ್ಡ ವಿಷಯ ಅಲ್ಲದಿರಬಹುದು. ನಮ್ಮ ಹೆಂಗಸರ ಚಿತ್ರಕ್ಕೆ ದೊಡ್ಡ ವಿಷಯ. ಒಂದು ಮದುಮಗಳ ಚಿತ್ರವನ್ನು ಹಾಗೆ ತಿರುಗಿದ ಫೋಟೊ ನೋಡಿ ನಾನು ಪೂರ್ತಿ ಬರೆದಿದ್ದೆ. ಸೆರಗು ಬಲ ಹೆಗಲ ಮೇಲೆ ಹೋಗಿತ್ತು, ಮೂಗುಬೊಟ್ಟು ಆಚೆ ಕಡೆಗೆ. ಅವಳ ಅಮ್ಮ ಬಾಗಿಲಲ್ಲಿ ನಿಂತೇ ಹೇಳಿದರು, "ಸೆರಗು ಹೀಗೆ ಹಾಕುತ್ತಾರಾ ಟೀಚರೇ?" ಹದಿನೈದು ದಿನದ ಕೆಲಸ ಮತ್ತೆ ಮಾಡಿದೆ. ಅಂದಿನಿಂದ ಫೋಟೊ ಕೈಗೆ ಬಂದ ಕೂಡಲೇ ಸೆರಗು ಯಾವ ಹೆಗಲಿಗೆ ಅಂತ ನೋಡುತ್ತೇನೆ. ಎಡ ಹೆಗಲಿಗಿದ್ದರೆ ಹೆಚ್ಚು ಕಡಿಮೆ ಸರಿ ಅಂತ ಲೆಕ್ಕ. ಆದರೂ ಒಮ್ಮೆ ಕೇಳಿ, ಸೀರೆ ಉಡುವ ಕ್ರಮ ಎಲ್ಲರದ್ದೂ ಒಂದೇ ಅಲ್ಲ.

ಹಳೆಯ ಕಪ್ಪು ಬಿಳುಪು ಫೋಟೊದಲ್ಲಿ ಬೇರೆ ಮೋಸ ಇದೆ. ಹಿಂದಿನ ಕೆಲವು ಬಗೆಯ ಫಿಲ್ಮುಗಳಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ. ಕೆಂಪಾಗಿದ್ದದ್ದೆಲ್ಲ ಕಪ್ಪಾಗಿ ಬರುತ್ತಿತ್ತು. ಹಾಗಾಗಿ ಕುಂಕುಮ ಮಸಿಯ ಹಾಗೆ, ತುಟಿ ಕಪ್ಪಾಗಿ, ಚರ್ಮ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಅದನ್ನು ನೋಡಿದ ಹಾಗೇ ನಕಲು ಮಾಡಿದರೆ ಮನೆಯವರು "ಅಜ್ಜಿ ಹೀಗಿರಲಿಲ್ಲ" ಅನ್ನುತ್ತಾರೆ. ಅವರು ಹೇಳುವುದು ಸರಿ. ಅಂಥ ಫೋಟೊ ಬಂದರೆ ಅಜ್ಜಿಯ ಮಗಳನ್ನೋ ಮೊಮ್ಮಗಳನ್ನೋ ಒಮ್ಮೆ ಎದುರು ಕೂರಿಸಿಕೊಂಡು ಚರ್ಮದ ಛಾಯೆ ನೋಡಿ.

ಇದರ ಜೊತೆಗೆ ಒಂದು ಮಾತು. "ಸ್ವಲ್ಪ ಬೆಳ್ಳಗೆ ಮಾಡಿ" ಅಂತ ಕೇಳುವವರು ತುಂಬ. ನಾನು ಮಾಡುವುದಿಲ್ಲ. ಕಪ್ಪು ಬಣ್ಣದ ಹೆಂಗಸಿನ ಮುಖ ಪೆನ್ಸಿಲಿಗೆ ಸಿಕ್ಕಿದ ಭಾಗ್ಯ. ಹಣೆಯ ಮೇಲಿನ ಬೆಳಕು, ಕೆನ್ನೆಯ ಏರು, ಮೂಗುಬೊಟ್ಟಿನ ಹೊಳಪು ಎಲ್ಲ ಗಾಢವಾದ ಚರ್ಮದ ಮೇಲೆ ಎದ್ದು ಕಾಣುತ್ತವೆ. ಬೆಳ್ಳಗೆ ಮಾಡಿದರೆ ಮುಖ ಚಪ್ಪಟೆ ಆಗುತ್ತದೆ, ಅವರು ಬೇರೆ ಯಾರೋ ಆಗುತ್ತಾರೆ.

ಬೆಳಕು ಮತ್ತು ಅಳತೆ

ಎದುರು ಕೂರಿಸಿ ಬರೆಯುವುದಾದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಜಗಲಿ ಒಳ್ಳೆಯದು. ಬೆಳಕು ಒಂದು ಬದಿಯಿಂದ ಬರುತ್ತದೆ, ಬಿಸಿಲು ನೇರ ಬೀಳುವುದಿಲ್ಲ. ನಮ್ಮ ಹಂಚಿನ ಮನೆಗಳಲ್ಲಿ ಗಾಜಿನ ಹಂಚು ಇರುತ್ತದೆ ಅಲ್ವಾ, ಅದರ ಕೆಳಗೆ ಮಾತ್ರ ಕೂರಿಸಬೇಡಿ. ಬೆಳಕು ನೆತ್ತಿಯಿಂದ ಇಳಿದು ಕಣ್ಣು ಎರಡು ಗುಂಡಿಗಳ ಹಾಗೆ ಕಾಣುತ್ತದೆ.

ದೀಪ ಹಿಡಿದ ಹೆಂಗಸಿನ ಚಿತ್ರ ಬೇಕು ಅಂತ ತುಂಬ ಜನ ಕೇಳುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪದ ಹೆಂಗಸಿನ ಚಿತ್ರ ನೋಡಿ ಬಂದವರು ಅವರು. ಅದನ್ನು ರವಿವರ್ಮ ಬರೆದದ್ದು ಅಂತ ನಂಬಿದವರು ಈಗಲೂ ಇದ್ದಾರೆ. ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್. ಜಲವರ್ಣದ ಚಿತ್ರ, ಎದುರು ನಿಂತವಳು ಅವರ ಸ್ವಂತ ಮಗಳು. ಅಲ್ಲಿ ಬೆಳಕು ಕೆಳಗಿನಿಂದ ಬರುತ್ತದೆ. ಗದ್ದದ ಕೆಳಭಾಗ, ಮೂಗಿನ ತುದಿಯ ಕೆಳಗೆ, ಹುಬ್ಬಿನ ಅಡಿ ಹೊಳೆಯುತ್ತವೆ. ಹಣೆ ಮತ್ತು ಮುಡಿ ಕತ್ತಲಿಗೆ ಹೋಗುತ್ತವೆ. ಅಂದರೆ ದೀಪದ ಚಿತ್ರದಲ್ಲಿ ಕುಂಕುಮ ಹಿಂದೆ ಸರಿಯುತ್ತದೆ, ಕೊರಳಿನ ಸರ ಮುಂದೆ ಬರುತ್ತದೆ. ಹಣೆಯ ಬೊಟ್ಟು ಎದ್ದು ಕಾಣಬೇಕು ಅನ್ನುವವರಿಗೆ ದೀಪದ ಬೆಳಕು ಬೇಡ ಅಂತ ನಾನು ಮೊದಲೇ ಹೇಳುತ್ತೇನೆ.

ಅಳತೆ ಸುಲಭ. ನೆತ್ತಿಯಿಂದ ಗದ್ದದವರೆಗೆ ತಲೆಯ ಎತ್ತರ ತೆಗೆದುಕೊಂಡರೆ ಕಣ್ಣು ಸರಿ ನಡುವಿನಲ್ಲಿ ಇರುತ್ತದೆ. ಹೊಸಬರು ಎಲ್ಲರೂ ಕಣ್ಣನ್ನು ಮೇಲೆ ಬರೆಯುತ್ತಾರೆ, ಹಣೆಗೆ ಜಾಗ ಉಳಿಯುವುದಿಲ್ಲ, ಆಮೇಲೆ ಬೊಟ್ಟು ಕೂದಲಿಗೆ ತಾಗುತ್ತದೆ. ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ. ಮುಖದ ಅಗಲ ಸುಮಾರು ಐದು ಕಣ್ಣು. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ವಯಸ್ಸಾದವರ ಕಿವಿ ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಇವು ಬರೀ ಗೂಟಗಳು. ಎದುರಿನ ಮುಖ ಗೂಟದಿಂದ ಎಲ್ಲಿ ಸರಿದಿದೆಯೋ ಅಲ್ಲೇ ಆ ಹೆಂಗಸು ಇದ್ದಾಳೆ. ಒಂದು ಹುಬ್ಬು ಸ್ವಲ್ಪ ಎತ್ತರ, ಕೆಳದವಡೆ ಒಂದು ಕಡೆಗೆ ವಾಲಿದ್ದು, ಅದನ್ನೆಲ್ಲ ಬಿಡದೆ ಹಿಡಿಯಿರಿ.

ನಮ್ಮ ಕಣ್ಣಿಗೆ ಕ್ಯಾಲೆಂಡರ್ ಲಕ್ಷ್ಮಿಯ ಮುಖ ಅಂಟಿಕೊಂಡಿದೆ. 1894ರಲ್ಲಿ ಬೊಂಬಾಯಿಯಲ್ಲಿ ರವಿವರ್ಮನ ಅಚ್ಚುಕೂಟ ಶುರುವಾಯಿತು. ಅಲ್ಲಿಂದ ಹೊರಟ ದೇವಿಯರ ಚಿತ್ರಗಳು ನಮ್ಮ ಅಡಿಕೆ ತೋಟದ ಮನೆಗಳವರೆಗೂ ಬಂದವು. ದುಂಡು ಮುಖ, ದೊಡ್ಡ ಕಣ್ಣು, ಪುಟ್ಟ ಬಾಯಿ. ನಮಗೆ ಗೊತ್ತಾಗದೆಯೇ ಕೈ ಆ ಕಡೆಗೆ ಹೋಗುತ್ತದೆ. ನಾನು ರವಿವರ್ಮನನ್ನು ತುಂಬ ಗೌರವಿಸುತ್ತೇನೆ. ಆದರೆ ನಿಮ್ಮ ಚಿಕ್ಕಮ್ಮನಿಗೆ ಆ ಮುಖ ಹಾಕಬೇಡಿ. ರೇಖೆ ಕಲಿಯಬೇಕು ಅಂದರೆ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಒಂದು ಗೀರಿನಲ್ಲಿ ಒಂದು ಹೆಂಗಸಿನ ನಿಲುವು ಬಂದುಬಿಡುತ್ತದೆ.

ಹಣೆ

ಕುಂಕುಮದ ಬೊಟ್ಟು ಬರೆಯುವಾಗ ಎಲ್ಲರೂ 6ಬಿ ತೆಗೆದುಕೊಂಡು ಒತ್ತಿ ತಿರುಗಿಸುತ್ತಾರೆ. ಅದು ಮಸಿಯ ಬೊಟ್ಟು ಆಗುತ್ತದೆ. ಕುಂಕುಮ ಪುಡಿ. ಅದರ ಅಂಚು ಒಂದೇ ಸಮ ಇರುವುದಿಲ್ಲ, ಒಂದೆರಡು ಕಣ ಮೂಗಿನ ಮೇಲೆ ಬಿದ್ದಿರುತ್ತದೆ. 2ಬಿಯನ್ನು ಓರೆ ಹಿಡಿದು ಸಣ್ಣ ಸಣ್ಣ ಚುಕ್ಕೆಗಳಲ್ಲಿ ತುಂಬಿ, ನಡುವಿಗೆ ಮಾತ್ರ 4ಬಿ ಕೊಡಿ. ಸ್ಟಿಕ್ಕರ್ ಬೊಟ್ಟಾದರೆ ಅಂಚು ಚೂಪು, ಒಳಗೆ ಒಂದೇ ಛಾಯೆ, ಕೆಳಗಿನ ಅಂಚಿಗೆ ಕೂದಲೆಳೆಯಷ್ಟು ನೆರಳು. ಇಷ್ಟು ಮಾಡಿದರೆ ಯಾವುದು ಯಾವುದು ಅಂತ ಯಾರಿಗೂ ಹೇಳಬೇಕಾಗಿಲ್ಲ.

ಅರಿಶಿನ ಮುಖಕ್ಕೆ ಹಚ್ಚುವ ಹಿರಿಯರು ಈಗ ಕಡಿಮೆ. ಹಚ್ಚಿದ್ದರೆ ಆ ಕೆನ್ನೆಯನ್ನು 2ಎಚ್‌ನಲ್ಲೇ ಮುಗಿಸಿ, ಹೊಳಪು ಬಿಡಬೇಡಿ. ಅರಿಶಿನ ಚರ್ಮದ ಜಿಡ್ಡನ್ನು ಮಂಕು ಮಾಡುತ್ತದೆ. ಹಣೆಯಲ್ಲಿ ಹಚ್ಚೆ ಇದ್ದರೆ ಚರ್ಮದ ಛಾಯೆ ಕೊಡುವ ಮೊದಲೇ ಎಚ್‌ಬಿಯಲ್ಲಿ ತೆಳುವಾಗಿ ಹಾಕಿ, ಆಮೇಲೆ ಅದರ ಮೇಲೆ ಚರ್ಮದ ಛಾಯೆ ತನ್ನಿ. ಹಚ್ಚೆ ಇರುವುದು ಚರ್ಮದ ಒಳಗೆ. ಚಿತ್ರದಲ್ಲೂ ಒಳಗೇ ಇರಬೇಕು.

ಇಬ್ಬರನ್ನು ಕೇಳಿ ಅಂತ ಹೇಳಿದೆನಲ್ಲ, ಅದು ಹಣೆಯ ವಿಷಯದಲ್ಲಿ ಕಲಿತದ್ದು. ಒಂದು ಮನೆಯವರು ತೀರಿಹೋದ ಅಮ್ಮನ ಫೋಟೊ ತಂದರು. ತುಂಬ ಚಿಕ್ಕ ವಯಸ್ಸಿಗೆ ಗಂಡನನ್ನು ಕಳಕೊಂಡವರು. ಫೋಟೊದಲ್ಲಿ ಹಣೆ ಖಾಲಿ. ಮಗ ಹೇಳಿದರು, "ಖಾಲಿ ಹಣೆ ನೋಡಲು ಆಗುವುದಿಲ್ಲ ಟೀಚರ್, ಒಂದು ದೊಡ್ಡ ಬೊಟ್ಟು ಹಾಕಿ." ಅವರ ಪ್ರೀತಿ ನನಗೆ ಅರ್ಥವಾಯಿತು. ಹಾಕಿದೆ, ಒತ್ತಿ ಹಾಕಿದೆ. ಚಿತ್ರ ತೆಗೆದುಕೊಂಡು ಹೋಗಲು ಮಗಳು ಬಂದರು. ನೋಡಿ ಅಲ್ಲೇ ಕೂತು ಅತ್ತರು. "ಐವತ್ತು ವರ್ಷ ಖಾಲಿ ಹಣೆಯಲ್ಲಿ ತೋಟ ನೋಡಿಕೊಂಡು ನಮ್ಮನ್ನು ಸಾಕಿದ್ದು. ಈ ಬೊಟ್ಟು ಇಟ್ಟದ್ದು ಯಾರು?" ಅಂದರು. ನಾನು ರಬ್ಬರ್ ತೆಗೆದೆ. ಒತ್ತಿ ಬರೆದ ಗುಂಡಿ ಕಾಗದದಲ್ಲಿ ಇಳಿದಿತ್ತು. ಎಷ್ಟು ಅಳಿಸಿದರೂ ಬೆಳಕಿಗೆ ಹಿಡಿದರೆ ಉರುಟು ಕಲೆ ಕಾಣುತ್ತಿತ್ತು. ಮತ್ತೆ ಹೊಸ ಕಾಗದದಲ್ಲಿ ಬರೆದುಕೊಟ್ಟೆ, ಖಾಲಿ ಹಣೆಯಲ್ಲೇ. ಹಣೆಯ ಮೂರು ಗೆರೆಗಳನ್ನು ಚೆನ್ನಾಗಿ ಬರೆದೆ.

ಹಾಗಂತ ಗಂಡ ಇಲ್ಲದವರಿಗೆ ಬೊಟ್ಟು ಇಡಬಾರದು ಅಂತ ನಾನು ಹೇಳುತ್ತಿಲ್ಲ. ಗಂಡ ಹೋದಮೇಲೂ ಬೊಟ್ಟು ತೆಗೆಯದ ಎಷ್ಟೋ ಜನ ನನಗೆ ಗೊತ್ತು, ಅವರ ಬೊಟ್ಟನ್ನು ಸಂತೋಷದಿಂದ ಬರೆದಿದ್ದೇನೆ. ಅವರು ಏನು ಇಟ್ಟುಕೊಂಡಿದ್ದರೋ ಅದು. ನನ್ನ ಅಜ್ಜಿಯ ಕಾಲದಲ್ಲಿ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಹೆಂಗಸರು ನಮ್ಮ ಕಡೆಯ ಮನೆಗಳಲ್ಲಿ ಇದ್ದರು. ಅಂಥವರ ಫೋಟೊ ಬಂದರೆ ತಲೆಗೆ ಕೂದಲು ಸೇರಿಸಬೇಡಿ. ಕೆಂಪು ಸೀರೆಯ ಸೆರಗು ತಲೆಯ ಮೇಲೆ ಇರುತ್ತದೆ. ಅದನ್ನು 4ಬಿಯಲ್ಲಿ ಗಾಢವಾಗಿ, ಮಡಿಕೆಗಳ ಸಮೇತ ಬರೆಯಿರಿ. ಮುಖ ಅದರೊಳಗಿಂದ ತಾನಾಗಿ ಬೆಳಕಿಗೆ ಬರುತ್ತದೆ.

ಕಿವಿ, ಮೂಗು, ಕೊರಳು

ಚಿನ್ನ ಬರೆಯುವ ಗುಟ್ಟು ಇಷ್ಟೇ. ಅತಿ ಕಪ್ಪು ಮತ್ತು ಅತಿ ಬಿಳಿ ಅಕ್ಕಪಕ್ಕ ಬರಬೇಕು, ನಡುವೆ ಮೆಲ್ಲಗೆ ಬದಲಾಗಬಾರದು. ಚರ್ಮದ ಮೇಲೆ ಬೆಳಕು ನಿಧಾನ ನೆರಳಾಗುತ್ತದೆ, ಲೋಹದ ಮೇಲೆ ಥಟ್ಟನೆ. ಬಳೆ, ಸರ, ಓಲೆ ಎಲ್ಲದಕ್ಕೂ ಇದೇ. ಬೆಂಡೋಲೆಯ ಕೆಂಪು ಕಲ್ಲು ಒಂದೊಂದನ್ನೂ 4ಬಿಯಲ್ಲಿ ತುಂಬಿ, ಪ್ರತಿ ಕಲ್ಲಿನ ಒಂದೇ ಬದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಬಿಡಿ. ಬೆಳಕು ಎಡದಿಂದ ಬಂದರೆ ಎಲ್ಲ ಕಲ್ಲಿನ ಎಡಕ್ಕೇ ಬಿಳಿ. ಇದು ತಪ್ಪಿದರೆ ಓಲೆ ಬಟನ್ ಹಾಗೆ ಕಾಣುತ್ತದೆ. ವಜ್ರದ ಮೂಗುಬೊಟ್ಟಿಗೆ ಏನೂ ಬರೆಯಬೇಡಿ. ಅಲ್ಲಿ ಕಾಗದವನ್ನು ಹಾಗೇ ಬಿಟ್ಟು ಸುತ್ತ ಕಪ್ಪು ಕೊಡಿ, ಒಂದು ಬದಿಗೆ ಮೂಗಿನ ಮೇಲೆ ಬಿದ್ದ ಪುಟ್ಟ ನೆರಳು.

ಕಿವಿಯ ಮೇಲ್ಭಾಗದ ಬುಗುಡಿ, ಕೊಪ್ಪು ಈಗ ಪೆಟ್ಟಿಗೆಯಲ್ಲೇ ಉಳಿದಿವೆ. ಹಿರಿಯರ ಕಿವಿಯಲ್ಲಿ ಅದರ ತೂತು ಮಾತ್ರ ಇರುತ್ತದೆ, ಮುಚ್ಚಿಕೊಂಡು ಒಂದು ಚುಕ್ಕಿಯ ಹಾಗೆ. ಆ ಚುಕ್ಕಿ ಬರೆಯಿರಿ. ಓಲೆ ಇಲ್ಲದ ಜಗ್ಗಿದ ಹಾಲೆ ಬರೆಯುವಾಗ ತೂತನ್ನು ಕಪ್ಪು ಗೆರೆಯಾಗಿ ಎಳೆಯಬೇಡಿ. ಅದಕ್ಕೆ ಮೇಲಂಚಿನಲ್ಲಿ ನೆರಳು, ಕೆಳಂಚಿನಲ್ಲಿ ತೆಳು ಬೆಳಕು ಇರುತ್ತದೆ, ಹಿಂದಿನ ಕತ್ತು ಅದರ ಮೂಲಕ ಸ್ವಲ್ಪ ಕಾಣುತ್ತದೆ. ನಾನು ದೊಡ್ಡಮ್ಮನ ಎರಡನೇ ಚಿತ್ರದಲ್ಲಿ ಬರೀ ಆ ಒಂದು ತೂತಿಗೆ ಒಂದು ಬೆಳಿಗ್ಗೆ ಕೊಟ್ಟೆ.

ಕರಿಮಣಿಯಲ್ಲಿ ಎಲ್ಲರೂ ಸೋಲುವುದು ಎಣಿಸಿ ಬರೆಯಲು ಹೋಗಿ. ಇನ್ನೂರು ಮಣಿ ಒಂದೇ ಥರ ಬರೆದರೆ ಕೊರಳಿಗೆ ಇರುವೆ ಸಾಲು ಕಟ್ಟಿದ ಹಾಗೆ ಆಗುತ್ತದೆ. ಕೊರಳು ಒಂದು ಕಂಬ, ಸರ ಅದನ್ನು ಸುತ್ತಿದೆ. ಎದುರಿಗೆ ಬಂದ ಎಂಟು ಹತ್ತು ಮಣಿಗಳನ್ನು ಪೂರ್ತಿ ಬರೆಯಿರಿ, ಪ್ರತಿ ಮಣಿಗೂ ಒಂದು ಹೊಳಪು. ಬದಿಗೆ ಹೋದ ಹಾಗೆ ಮಣಿಗಳು ಒತ್ತಾಗುತ್ತವೆ, ಚಪ್ಪಟೆಯಾಗುತ್ತವೆ, ಕೊನೆಗೆ ಒಂದು ಕಪ್ಪು ಎಳೆ ಆಗುತ್ತವೆ. ಸರದ ಕೆಳಗೆ ಕೊರಳ ಮೇಲೆ ತೆಳು ನೆರಳು ಮರೆಯಬೇಡಿ, ಇಲ್ಲದಿದ್ದರೆ ಸರ ಗಾಳಿಯಲ್ಲಿ ನಿಲ್ಲುತ್ತದೆ. ಕರಿಮಣಿಯ ನಡುವಿನ ತಾಳಿ ಜಾತಿಗೊಂದು, ಮನೆಗೊಂದು ಬಗೆ. ಊಹಿಸಿ ಬರೆಯಬೇಡಿ, ಹತ್ತಿರದ ಫೋಟೊ ಕೇಳಿ ತೆಗೆದುಕೊಳ್ಳಿ. ಕರಾವಳಿಯ ಕ್ರಿಶ್ಚಿಯನ್ ಹೆಂಗಸರೂ ಕರಿಮಣಿ ಹಾಕುತ್ತಾರೆ. ಬೇಳದ ಕಡೆಯ ಒಬ್ಬ ಬಾಯಮ್ಮನ ಚಿತ್ರಕ್ಕೆ ಶಿಲುಬೆಯೊಂದೇ ಸಾಕು ಅಂದುಕೊಂಡಿದ್ದೆ. ಅವರೇ ಸೆರಗು ಸರಿಸಿ ಕರಿಮಣಿ ತೋರಿಸಿದರು.

ಮುಡಿ ಮತ್ತು ಹೂವು

ತೆಂಗಿನೆಣ್ಣೆ ಹಚ್ಚಿ ಬಾಚಿದ ಕೂದಲಿನ ಹೊಳಪು ಪಟ್ಟಿಯ ಹಾಗೆ ಬರುತ್ತದೆ, ಅಂಚು ಚೂಪಾಗಿ. ಶಾಂಪೂ ಹಾಕಿದ ಕೂದಲಿನ ಹೊಳಪು ಹರಡಿಕೊಂಡಿರುತ್ತದೆ. ನಮ್ಮ ಅಮ್ಮಂದಿರದ್ದು ಎಣ್ಣೆಯ ಕೂದಲು, ಅದು ಚಿತ್ರದಲ್ಲೂ ಗೊತ್ತಾಗಬೇಕು. ಕೂದಲನ್ನು ಎಳೆ ಎಳೆಯಾಗಿ ಬರೆಯಬೇಡಿ. ಮೊದಲು 2ಬಿಯಲ್ಲಿ ಇಡೀ ಮುಡಿಯ ನೆರಳು ಹಾಕಿ, ಮೆತ್ತನೆಯ ರಬ್ಬರನ್ನು ಚೂಪು ಮಾಡಿ ಹೊಳಪಿನ ಪಟ್ಟಿ ಎತ್ತಿ, ಆಮೇಲೆ 4ಬಿಯಲ್ಲಿ ಬಾಚಣಿಗೆ ಹೋದ ದಿಕ್ಕಿಗೇ ಗೀರು ಹಾಕಿ. 6ಬಿ ಜಾಸ್ತಿ ಆದರೆ ಕಾಗದ ಬೆಳ್ಳಿಯ ಹಾಗೆ ಮಿನುಗುತ್ತದೆ, ಕಪ್ಪು ಕಾಣುವುದೇ ಇಲ್ಲ. ಬೈತಲೆ ಗೆರೆ ಅಲ್ಲ, ಜಾಗ. ಅಲ್ಲಿ ಕಾಗದ ಬಿಡಿ. ವಯಸ್ಸಾದವರ ಬೈತಲೆ ಅಗಲ.

ಮಲ್ಲಿಗೆಯನ್ನೂ ಬರೆಯುವುದಿಲ್ಲ, ಉಳಿಸಿಕೊಳ್ಳುತ್ತೇವೆ. ಸುತ್ತ ಕೂದಲಿನ ಕಪ್ಪು ಬಂದ ಹಾಗೆ ಮೊಗ್ಗುಗಳು ತಾನಾಗಿ ಮೂಡುತ್ತವೆ. ನಮ್ಮ ಕಡೆ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟುತ್ತಾರೆ, ಹಾಗಾಗಿ ಮೊಗ್ಗಿನ ತೊಟ್ಟು ಕಾಣುವುದಿಲ್ಲ, ತಲೆ ಮಾತ್ರ ಕಾಣುತ್ತದೆ. ಅಬ್ಬಲಿಗೆ (ಕನಕಾಂಬರ) ಆದರೆ ನಡು ಛಾಯೆ, ಎಸಳು ಅಗಲ. ಎರಡನ್ನೂ ಸೇರಿಸಿ ಮುಡಿದಿದ್ದರೆ ಮಲ್ಲಿಗೆ ಬಿಳಿ, ಅಬ್ಬಲಿಗೆ ಎಚ್‌ಬಿ.

ಸೀರೆಗೆ ಜಾಸ್ತಿ ಹೊತ್ತು ಹಾಕಬೇಡಿ ಅಂತ ನಾನು ಹೇಳುವುದು. ಮುಖ ಮುಗಿದಮೇಲೆ ಹೆಗಲಿನ ಎರಡು ಮಡಿಕೆ ಸಾಕು. ಆದರೆ ಕಾಸರಗೋಡು ಸೀರೆ ಉಟ್ಟಿದ್ದರೆ ಮಾತ್ರ ನಿಂತು ಬರೆಯಿರಿ. ನಮ್ಮ ಊರಿನ ನೇಕಾರರು ಹತ್ತಿಯಲ್ಲಿ ಕೈಮಗ್ಗದ ಮೇಲೆ ನೇಯ್ದದ್ದು, ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸೀರೆ. ಅದರ ಗೆರೆಗಳು ಮಡಿಕೆಯ ಜೊತೆ ಬಗ್ಗುತ್ತವೆ, ಮಡಿಕೆಯೊಳಗೆ ಹೋಗಿ ಆಚೆ ಬದಿಗೆ ಸ್ವಲ್ಪ ತಪ್ಪಿ ಹೊರಗೆ ಬರುತ್ತವೆ. ಆ ತಪ್ಪುವಿಕೆಯಲ್ಲಿ ಬಟ್ಟೆಯ ದಪ್ಪ ಗೊತ್ತಾಗುತ್ತದೆ.

ಕೈ ಬರುವುದಾದರೆ ಅದರಲ್ಲಿ ಏನಿದೆ ಅಂತ ಯೋಚಿಸಿ. ಹಳೆಯ ಸ್ಟುಡಿಯೋ ಫೋಟೊಗಳಲ್ಲಿ ಹೆಂಗಸರ ಕೈಯಲ್ಲಿ ಪುಸ್ತಕ ಇರುತ್ತಿತ್ತು, ವಾಚು ಕಾಣುವ ಹಾಗೆ ಕೈ ಮೇಜಿನ ಮೇಲೆ ಇರುತ್ತಿತ್ತು. ಓದು ಬರುತ್ತದೆ ಅಂತ ತೋರಿಸಬೇಕಿತ್ತು ಅವರಿಗೆ. ಅದನ್ನು ತೆಗೆದುಹಾಕಿ ಹೂವು ಕೊಡಬೇಡಿ. ದೊಡ್ಡಮ್ಮನ ಕೈಯಲ್ಲಿ ನಾನು ಎಲೆ ಅಡಿಕೆ ಬರೆದೆ. ಅಡಿಕೆ ಸುಲಿದು ಸುಲಿದು ಹೆಬ್ಬೆರಳಿನ ಉಗುರಿನ ಸುತ್ತ ಕಪ್ಪು ಕಲೆ ನಿಂತಿತ್ತು, ಅದೂ ಬಂತು. ಎಲೆ ತಿನ್ನುವವರ ಕೆಳತುಟಿಯ ನಡುಭಾಗ ಬದಿಗಿಂತ ಗಾಢ. ಇದು ಗೊತ್ತಿಲ್ಲದವರು ತುಟಿಯನ್ನು ಲಿಪ್‌ಸ್ಟಿಕ್ ಹಾಕಿದ ಹಾಗೆ ಒಂದೇ ಸಮ ತುಂಬುತ್ತಾರೆ.

ಕೊನೆಗೆ ಕಣ್ಣು

ದೇವರ ಮೂರ್ತಿ ಕೆತ್ತುವವರು ಕಣ್ಣು ತೆರೆಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನೂ ಕಣ್ಣಿನ ಆಕಾರ, ರೆಪ್ಪೆ, ಸುತ್ತಲಿನ ಸುಕ್ಕು ಎಲ್ಲ ಮೊದಲೇ ಮುಗಿಸುತ್ತೇನೆ, ಪಾಪೆ ಮಾತ್ರ ಬಿಡುತ್ತೇನೆ. ಇದರಲ್ಲಿ ನನಗೆ ನಂಬಿಕೆ ಇದೆ. ಕೆಲಸಕ್ಕೂ ಇದರಿಂದ ಉಪಕಾರ ಇದೆ. ಪಾಪೆ ಇಡೀ ಚಿತ್ರದ ಅತಿ ಕಪ್ಪು ಜಾಗ. ಉಳಿದ ಎಲ್ಲ ಛಾಯೆ ನಿಂತಮೇಲೆ ಎಷ್ಟು ಕಪ್ಪು ಬೇಕು ಅಂತ ಸರಿಯಾಗಿ ಗೊತ್ತಾಗುತ್ತದೆ. ಕಣ್ಣಿನ ಬಿಳಿಯನ್ನು ಕಾಗದದ ಬಿಳಿಯಾಗಿ ಬಿಡಬೇಡಿ, 2ಎಚ್‌ನಲ್ಲಿ ತೆಳು ನೆರಳು ಕೊಡಿ. ಪಾಪೆಯ ಹೊಳಪೊಂದು ಮಾತ್ರ ಕಾಗದದ ಬಿಳಿ. ಪೊರೆ ಬಂದ ಕಣ್ಣಾದರೆ ಆ ಪೊರೆಯನ್ನೂ ಬರೆಯಿರಿ, ಪಾಪೆಯ ಮೇಲೆ ಮಂಜು ಕೂತ ಹಾಗೆ, ರಬ್ಬರಿನಿಂದ ಒಮ್ಮೆ ಮುಟ್ಟಿ ತೆಗೆದರೆ ಸಾಕು.

ಕಾಪಾಡುವುದು

ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕಾಗದ ನೀರು ಕುಡಿದು ಉಬ್ಬುತ್ತದೆ, ಗ್ರಾಫೈಟ್ ಹಿಡಿಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ದೊಡ್ಡ ಚಿತ್ರ ಶುರು ಮಾಡುವುದಿಲ್ಲ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಇರಲಿ. ತಾಗಿದರೆ ಬೂಷ್ಟು ಹಿಡಿದು ಗಾಜಿಗೇ ಅಂಟಿಕೊಳ್ಳುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಮಳೆಗೆ ಒಸರುತ್ತದೆ, ಆದ್ದರಿಂದ ಹೊರಗೋಡೆಗೆ ತೂಗಿಸಬೇಡಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ. ವರ್ಷಕ್ಕೊಮ್ಮೆ ಇಳಿಸಿ ಒರಲೆ (ಗೆದ್ದಲು) ಹಿಡಿದಿದೆಯಾ ನೋಡಿ.

ಫ್ರೇಮ್ ಹಾಕುವ ಮೊದಲು ಚಿತ್ರದ ಹಿಂದೆ ಹೆಸರು ಮತ್ತು ತಾರೀಕು ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಒಸರುತ್ತದೆ. ಎಚ್‌ಬಿ ಪೆನ್ಸಿಲಿನಲ್ಲಿ, ಒತ್ತದೆ, ಅಂಚಿನ ಹತ್ತಿರ. ನಾನು ಎರಡು ಹೆಸರು ಕೇಳುತ್ತೇನೆ. ಮದುವೆಯಾದಮೇಲೆ ಹೆಸರು ಬದಲಾದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ದೊಡ್ಡಮ್ಮನ ಎರಡನೇ ಚಿತ್ರ ಮುಗಿದ ದಿನ, ಜಗ್ಗಿದ ಹಾಲೆ, ತೂತು ಎಲ್ಲ ಸರಿ ಇದೆ ಅಂತ ಅವರು ಒಪ್ಪಿದಮೇಲೆ, ಮಗುಚಿ ಹಾಕಿ ಕೇಳಿದೆ. ತವರಿನಲ್ಲಿ ಏನು ಕರೆಯುತ್ತಿದ್ದರು ಅಂತ. ಹಾಗೆ ಕರೆಯುವವರು ಯಾರೂ ಉಳಿದಿಲ್ಲ ಅಂದರು. ಆಮೇಲೆ ಮೆಲ್ಲಗೆ ಹೇಳಿದರು. ಅದನ್ನು ಮೊದಲು ಬರೆದೆ, ಎಲ್ಲರಿಗೂ ಗೊತ್ತಿರುವ ಹೆಸರನ್ನು ಅದರ ಕೆಳಗೆ.